ಶಂಕ್ರವ್ವನ ಕೈಗುಣ

ಶಂಕ್ರವ್ವನ ತೋಟದ ಲಿಂಬೆ ಗಿಡಗಳು ಕಾಯಿ ಹಿಡಿಯದ್ದಕ್ಕೆ ಅವಳ ಕೈಗುಣ ಕಾರಣವಲ್ಲ. ನಾನು ಕಾರಣ. ಗೊತ್ತಿದ್ದೇ ಕೆಟ್ಟ ಸಸಿ ಕೊಟ್ಟೆ.

ಇಂಡಿ ಊರಿನಲ್ಲಿ ನಲವತ್ತು ವರ್ಷ ಲಿಂಬೆ ಸಸಿ ಬೆಳೆಸಿ ಮಾರಿದವಳು ನಾನು. ಅಕ್ಷರ ಕಡಿಮೆ, ಸಸಿಯ ಗುರುತು ಮಾತ್ರ ಒಮ್ಮೆಯೂ ತಪ್ಪಿಲ್ಲ. ಒಂದು ಲಿಂಬೆ ಬೀಜ ಊರಿದರೆ ಎರಡು, ಮೂರು ಮೊಳಕೆ ಏಳುತ್ತವೆ. ಅದರಲ್ಲಿ ಒಂದು ಮಾತ್ರ ಹೂವಿನ ಗಂಡು ಧೂಳಿ ಹೆಣ್ಣು ತತ್ತಿಗೆ ಕೂಡಿ ಹುಟ್ಟಿದ್ದು — ಅದು ಯಾವ ಗುಣ ಹೊತ್ತು ಬಂದಿದೆಯೋ ಯಾರೂ ಹೇಳಲಾರರು. ಉಳಿದವಕ್ಕೆ ತಂದೆಯೇ ಇಲ್ಲ. ಬೀಜದೊಳಗಿನ ತಾಯಿಯ ಮೈಯಿಂದಲೇ ಒಡೆದವು, ಥೇಟ್ ತಾಯಿ. ತಂದೆಯಿಲ್ಲದ ಕೂಸಿಗೆ ಜನ ಬೆರಳು ತೋರಿಸುತ್ತಾರೆ. ನಾವು ಲಿಂಬೆಯವರು ಅಂಥದ್ದನ್ನೇ ಆರಿಸಿ ಇಟ್ಟುಕೊಳ್ಳುತ್ತೇವೆ. ಕೂಡಿ ಹುಟ್ಟಿದ್ದು ಮೊದಮೊದಲು ಬಡಕಲಾಗಿರುತ್ತದೆ, ಎಲೆ ಬೇರೆ ಥರ. ಕಿತ್ತು ಒಗೆಯಬೇಕು. ಪ್ರತಿ ವರ್ಷ ಒಗೆದೆ — ಒಂದೇ ಒಂದು ವರ್ಷ ಬಿಟ್ಟು.

ಆ ವರ್ಷ ಗೆದ್ದಲು ಹತ್ತಿ ಸಸಿ ಕಡಿಮೆ ಬಿದ್ದವು. ಸಾಲೋಟಗಿಯ ಶಂಕ್ರವ್ವ, ನನ್ನ ತವರಿನ ಗೆಳತಿ, ಅರವತ್ತು ಸಸಿ ಬೇಕೆಂದಿದ್ದಳು. ಇಲ್ಲ ಅಂದರೆ ಬೇರೆಯವರ ಹತ್ತಿರ ಹೋಗುತ್ತಾಳೆ, ನನ್ನ ಹೆಸರು ಕೆಡುತ್ತದೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಒಗೆಯಬೇಕಾದ ಬಡಕಲುಗಳಿಗೆ ಗೊಬ್ಬರ ಹಾಕಿ ಬೆಳೆಸಿದೆ. ವರ್ಷದೊಳಗೆ ಉಳಿದವುಗಳ ಎತ್ತರಕ್ಕೆ ಬಂದವು. ಅವನ್ನೇ ಶಂಕ್ರವ್ವನಿಗೆ ಎಣಿಸಿ ಕೊಟ್ಟೆ.

"ಎಲ್ಲಾ ಒಂದ ನಮೂನಿ ಅದಾವಲ್ಲ?" ಎಂದಳು.

"ಎಲ್ಲಾ ಒಂದ ತಾಯಿ ಮಕ್ಕಳ ಅದಾವ, ಸುಮ್ಮ ತೊಗೊಂಡ ಹೋಗ."

ತಾಯಿ ಒಂದೇ, ನಿಜ. ನಿಜವನ್ನೇ ಹೇಳಿ ಮೋಸ ಮಾಡಿದೆ.

ಆರು ವರ್ಷ ನೀರು ಹಾಕಿದಳು. ಮುಳ್ಳು ಬೆಳೆದವು, ಕಾಯಿ ಬೆರಳೆಣಿಕೆ. ನನ್ನನ್ನು ಕರೆದೊಯ್ದು ತೋರಿಸಿದಳು. ನೋಡಿದ ಕೂಡಲೇ ತಿಳಿಯಿತು. ಅವಳ ಸೊಸೆ ಪಕ್ಕದಲ್ಲೇ ನಿಂತಿದ್ದಳು. ಒಪ್ಪಿಕೊಳ್ಳಬಹುದಿತ್ತು —

"ಸಸಿ ಚಲೋ ಇದ್ದೂವು. ನಿನ್ನ ಕೈಗುಣಾನ ಚಲೋ ಇಲ್ಲ, ಬಿಡ" ಎಂದುಬಿಟ್ಟೆ.

ಬಿತ್ತುವ ದಿನ ಮೊದಲ ಹಿಡಿ ಬೀಜ ಯಾರ ಕೈಯಿಂದ ಬೀಳಬೇಕು ಎನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅಲ್ಲಿಯ ತನಕ ಇಡೀ ಓಣಿ ಶಂಕ್ರವ್ವನನ್ನೇ ಕರೆಯುತ್ತಿತ್ತು. ನನ್ನ ಮಾತು ಸೊಸೆಯ ಬಾಯಿಂದ ಓಣಿಗೆ ಹೋಯಿತು, ಆಮೇಲೆ ಯಾರೂ ಕರೆಯಲಿಲ್ಲ. ಸೊಸೆ ಹಿತ್ತಲಿನ ಅವರೆ ಬೀಜವನ್ನೂ ಮುಟ್ಟಗೊಡಲಿಲ್ಲ. ಹದಿನಾಲ್ಕು ವರ್ಷ. ಕೊನೆಗೆ ಶಂಕ್ರವ್ವ ತಾನೂ ನಂಬಿಬಿಟ್ಟಳು. ತೋಟ ಕೆಡಿಸಿದ್ದು ಒಂದು ತಪ್ಪು. ಇದರ ಮುಂದೆ ಅದು ಏನೂ ಅಲ್ಲ.

ಮೊನ್ನೆ ಹೋಗಿ ಎಲ್ಲ ಹೇಳಿದೆ. ಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಈಗ ನನ್ನ ಕಿವ್ಯಾಗ ಯಾಕ ಪಿಸುಗುಡ್ತಿ, ಖೋಡಿ? ಅವತ್ತ ಸೊಸಿ ಮುಂದ ಅಂದಿದ್ದಿ. ಹೋಗ, ಓಣಿ ಮುಂದ ಹೇಳ."

ಸರಿಯಾಗಿಯೇ ಹೇಳಿದಳು. ಅದಕ್ಕೇ ಇದನ್ನು ಬರೆದಿದ್ದೇನೆ. ಸೋಮವಾರ ಸಾಲೋಟಗಿಯ ಹೆಂಗಸರ ಸಂಘದಲ್ಲಿ ನಾನೇ ನಿಂತು ಓದುತ್ತೇನೆ. ಸೊಸೆಯೂ ಬಂದು ಕೂತಿರಲಿ. ನನ್ನ ಓದು ನಿಧಾನ. ನಡುವೆ ತಡವರಿಸಿದರೆ ಯಾರೂ ಹೇಳಿಕೊಡಬೇಡಿ.