ಥಿಯೇಟರಿಗೆ ಬಂದ ಇಷ್ಟಲಿಂಗ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ ಆಗಿದ್ದೆ. ನಮಗೆ ವೈದ್ಯನೀತಿ ಕಲಿಸಲು ತತ್ವಶಾಸ್ತ್ರದ ನಿವೃತ್ತ ಮೇಡಂ ಒಬ್ಬರು ಬರುತ್ತಿದ್ದರು. ಯಾವುದು ಸರಿ ಎಂದು ಡಾಕ್ಟರುಗಳಿಗೆ ತೋಚದಾಗ ಸಲಹೆ ಕೊಡುವುದೂ ಅವರ ಕೆಲಸವೇ. ತಿ. ನರಸೀಪುರದಿಂದ ಬಸ್ಸಿನಲ್ಲಿ ನಿಂತೇ ಬಂದು, ತಿಂಡಿಯೂ ಇಲ್ಲದೆ ಆ ಪಾಠಕ್ಕೆ ಕೂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೂಜಿ ಹಿಡಿಯಲು ಬಾರದವರು ನಮಗೇನು ಹೇಳಿಯಾರು ಎಂದು ಗೊಣಗುತ್ತಿದ್ದೆ.

ಒಂದು ಬೆಳಗ್ಗೆ ತಾಂಡವಪುರದ ಕಡೆಯ ವಯಸ್ಸಾದ ರೈತರೊಬ್ಬರನ್ನು ಕರೆತಂದರು. ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡಿತ್ತು. ತಡವಾದರೆ ಕರುಳು ಕೊಳೆತು ಪ್ರಾಣಕ್ಕೇ ಕುತ್ತು. ಥಿಯೇಟರಿಗೆ ಒಯ್ಯುವ ಮುಂಚೆ ಸಿಸ್ಟರ್ ಅವರ ಕೊರಳಿನ ಕರಡಿಗೆಗೆ ಕೈ ಹಾಕಿದ್ದೇ ತಡ, ಯಜಮಾನರು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ದೀಕ್ಷೆಯಾದಂದಿನಿಂದ ಆ ಬೆಳ್ಳಿ ಕರಡಿಗೆಯೊಳಗಿನ ಲಿಂಗ ಅವರ ಮೈ ಬಿಟ್ಟಿರಲಿಲ್ಲ. ರೋಗಿಯ ಮೈಮೇಲೆ ಲೋಹ ಇರಕೂಡದು ಎಂಬುದು ಥಿಯೇಟರಿನ ನಿಯಮ. “ಆಪರೇಷನ್ ಬೇಡವಂತೆ ಅಂತ ಬರ್ಕೊಳಿ” ಎಂದು ಸರ್ಜನ್ ಸಿಡುಕಿದರು. ನನಗೂ ರೇಗಿತ್ತು. ಆದರೂ ಬರೆಯುವ ಮೊದಲು ಮೇಡಂ ಅವರನ್ನು ಕರೆಸಿದೆವು.

ಲಿಂಗವನ್ನು ಕರಡಿಗೆಯಿಂದ ತೆಗೆದು, ಬಟ್ಟೆಯಲ್ಲಿ ಸುತ್ತಿ, ಎಡ ಅಂಗೈಗೆ ಕಟ್ಟಬಹುದೇ ಎಂದು ಮೇಡಂ ಕೇಳಿದರು. ಸರ್ಜನ್ ಒಪ್ಪಿದರು. ಸದ್ಯ, ಮುಗಿಯಿತಲ್ಲ ಎಂದುಕೊಂಡು ನಾನೇ ಹೊರಗೆ ಹೋಗಿ ಯಜಮಾನರ ಹೆಂಡತಿಗೆ ತಿಳಿಸಿದೆ. ಆಕೆ ಗೋಳೋ ಎಂದು ಅತ್ತರು.

“ಅಂಗೈಲಿ ಲಿಂಗ ಮಡಗಿ ಕಳ್ಸೋದು ಸಮಾಧಿಗೆ ಕಣ್ ಡಾಕ್ಟ್ರವ್ವ! ನಾನು ಒಪ್ಪಕಿಲ್ಲ.”

ಮಗನೂ ಅವ್ವನ ಕಡೆಗೇ ನಿಂತ. ನಾನು ಸಮಜಾಯಿಷಿ ಕೊಟ್ಟೆ, ಸರ್ಜನ್ ಗದರಿದರು, ಯಾರೂ ಜಗ್ಗಲಿಲ್ಲ. ಹೊತ್ತು ಮೀರುತ್ತಿತ್ತು. ಈ ಮನುಷ್ಯ ನಮ್ಮ ಕಣ್ಣೆದುರೇ ಹೋಗಿಬಿಡುತ್ತಾರೆ ಎಂದು ನನಗೆ ಭಯವಾಯಿತು.

ಮೇಡಂ ನಮ್ಮ ಗಲಾಟೆಗೆ ಸೇರಲಿಲ್ಲ. ಒಳಗೆ ಹೋಗಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ನಾವೆಲ್ಲ ಹಿಂದೆಯೇ ಹೋದೆವು.

“ಯಜಮಾನ್ರೇ, ಲಿಂಗಾನ ಅಂಗೈಗೆ ಕಟ್ತೀವಿ ಅಂತಾರೆ ಇವರು. ನಿಮ್ಮವರು ಬೇಡ ಅಂತಾರೆ. ನೀವೇನಂತೀರಿ?”

“ಪೂಜೆ ಮಾಡೋವಾಗ ದಿನಾ ಅಂಗೈಲೇ ಮಡಿಕತೀನಿ. ಕಟ್ಟಿ. ಮೈಯಿಂದ ಬ್ಯಾರೆ ಮಾಡಬ್ಯಾಡಿ ಅಂದೆ ಕಣವ್ವ, ಕುಯ್ಬ್ಯಾಡಿ ಅಂದ್ನಾ?”

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಕರಡಿಗೆಯನ್ನು ತಾವೇ ತೆಗೆದಿಟ್ಟುಕೊಂಡರು. ಲಿಂಗವಿದ್ದ ಎಡ ಅಂಗೈಗೆ ನಾನು ಬಟ್ಟೆ ಕಟ್ಟಿದೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಆಪರೇಷನ್ ಉದ್ದಕ್ಕೂ ಅವರಿಗೆ ಎಚ್ಚರವಿತ್ತು. ಹೊಟ್ಟೆಗೆ ಅಡ್ಡವಾಗಿ ಹಸಿರು ಬಟ್ಟೆಯ ಪರದೆ. ಕರುಳು ಕೆಟ್ಟಿಲ್ಲ, ಬಚಾವಾದರು ಎಂದು ಸರ್ಜನ್ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಖುಷಿಯಿಂದ ತಲೆಯಾಡಿಸಿದೆ.

ಪರದೆಯ ಆಚೆಯಿಂದ ದನಿ ಬಂತು: “ನಂಗೂ ವಸಿ ಯೋಳಿ ಸಾ.”