ಗೋಡೆ ಬಿಸಿಯಾದ ಬೆಳಿಗ್ಗೆ

ಬೆಂಕಿ ಆರಿ ನಾಲ್ಕು ದಿನವಾದ ಫರ್ನೇಸಿನ ಗೋಡೆ ನಿನ್ನೆಗಿಂತ ಇವತ್ತು ಜಾಸ್ತಿ ಬಿಸಿಯಾಗಿದ್ದರೆ ಏನರ್ಥ? ಒಂದೋ ಪವಾಡ, ಇಲ್ಲವೇ ಮೋಸ. ಕಳೆದ ಸೋಮವಾರ ಅದನ್ನು ಪತ್ತೆ ಹಚ್ಚಿದ ಜೀನಿಯಸ್ ಯಾರು ಅಂತ ಈ ಅಂಕಣದ ಓದುಗರಿಗೆ ಬೇರೆ ಹೇಳಬೇಕೇ?

ನಮ್ಮಪ್ಪ ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಫರ್ನೇಸ್ ಮೇಸ್ತ್ರಿ. ಕೆಲಸವಿಲ್ಲದೆ ಬೆಂಕಿ ನಿಲ್ಲಿಸಿ, ಫರ್ನೇಸಿನ ಬಾಯಿಗೆ ಮಣ್ಣು ಮೆತ್ತಿದ್ದರು. ಗೋಡೆ ತಣ್ಣಗಾಗುವುದರೊಳಗೆ ಫ್ಯಾಕ್ಸಿನಲ್ಲಿ ಆರ್ಡರ್ ಬಂದರೆ ಮತ್ತೆ ಹಚ್ಚೋಣ, ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆ, ಆಮೇಲೆ ಬಾಗಿಲು ಹಾಕುವುದೇ ಅಂದಿದ್ದರು ಓನರ್. ಅವತ್ತಿನಿಂದ ಅಪ್ಪ ದಿನಾ ಬೆಳಿಗ್ಗೆ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಗೋಡೆಗೆ ಅಂಗೈ ಇಡುತ್ತಿದ್ದರು.

ನಾನು ಓದುವುದು ಶಿವಮೊಗ್ಗದ ಪಾಲಿಟೆಕ್ನಿಕ್ಕಿನಲ್ಲಿ. ಹಿಂದಿನ ವಾರವಷ್ಟೇ ಸರ್ ಎಂಟ್ರೊಪಿ ಪಾಠ ಮಾಡಿದ್ದರು. ಇಡೀ ಕ್ಲಾಸಿನಲ್ಲಿ ಅರ್ಥವಾಗಿದ್ದು ನನಗೊಬ್ಬನಿಗೇ (ಸರ್‌ಗೂ ಸ್ವಲ್ಪ ಡೌಟಿತ್ತು). ಬಸ್ಸಿನಲ್ಲಿ ಕಂಡಕ್ಟರಿಗೂ ವಿವರಿಸಿದೆ. ಆತ ಎರಡು ಸ್ಟಾಪಿನಲ್ಲಿ ವಿಸಿಲ್ ಹಾಕುವುದನ್ನೇ ಮರೆತ.

ಭಾನುವಾರ ಅಪ್ಪನ ಜೊತೆ ಹೋಗಿ ನಾನೂ ಗೋಡೆ ಮುಟ್ಟಿದ್ದೆ. ಆರಿದ ಕಾಫಿಯ ಲೋಟದಷ್ಟು ಬೆಚ್ಚಗಿತ್ತು. ಸೋಮವಾರ ರಜೆ, ಮತ್ತೆ ಹೋದೆ. ದೋಸೆ ಹೊಯ್ಯಬಹುದಿತ್ತು (ಸರಿ, ದೋಸೆ ಬೇಡ, ಕೈ ಚುರುಕ್ ಅಂದಿದ್ದು ನಿಜ). ಹದಿನೆಂಟು ವರ್ಷ ಅಪ್ಪನ ಜೊತೆ ಅದೇ ಫರ್ನೇಸಿಗೆ ಇದ್ದಿಲು ಹಾಕಿದ ಸೆಲ್ವಂ ಮಾಮ ಪಕ್ಕದಲ್ಲಿದ್ದರು.

"ಇನ್ನೂ ಜೀವ ಇದೆ ಅಣ್ಣಾ," ಅಂದರು. ಅಪ್ಪ ತಲೆಯಾಡಿಸಿದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ?

ಶಾಖ ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಮಾತ್ರ ಹೋಗುತ್ತದೆ ಅಂತ ಶುರು ಮಾಡಿದೆ. ಒಳಗಿನಿಂದ ಹೊರಟ ಶಾಖ ಅಷ್ಟೂ ಹೊರಗೆ ಬಂದರೂ, ಒಳಗೆ ಕಬ್ಬಿಣ ಕರಗಿಸುತ್ತಿದ್ದದ್ದು ಇಲ್ಲಿಗೆ ಬರುವಾಗ ಅಂಗೈ ಕಾಯಿಸುವುದಕ್ಕಷ್ಟೇ ಲಾಯಕ್ಕು. ಇಟ್ಟಿಗೆ ದಾಟುವಾಗಲೇ ಅದರ ಯೋಗ್ಯತೆ ಸಾಯುತ್ತದೆ, ಎಂಟ್ರೊಪಿ ಹುಟ್ಟುತ್ತದೆ. ಹುಟ್ಟಿದ್ದನ್ನು ಯಾರೂ ಅಳಿಸಲಾರರು. ಹಾಗಾಗಿ ತಣ್ಣಗಾಗುತ್ತಿರುವ ಗೋಡೆ ತಾನಾಗಿ ಬಿಸಿಯೇರುವುದಿಲ್ಲ. ಅಂದರೆ ಯಾರೋ ಹೊರಗಿನಿಂದ ಕಾಯಿಸಿದ್ದಾರೆ.

ಸಾಕ್ಷಿಯನ್ನೂ ಹುಡುಕಿಬಿಟ್ಟೆ. ಮೂಲೆಯಲ್ಲಿ ತಗಡು ಮುಚ್ಚಿದ ಬಾಂಡ್ಲಿ. ತಗಡು ಎತ್ತಿದರೆ, ಇನ್ನೂ ಕೆಂಪಗಿದ್ದ ಇದ್ದಿಲು.

ಚಪ್ಪಾಳೆಗೆ ಕಾದೆ. ಸೆಲ್ವಂ ಮಾಮ ನನ್ನನ್ನಾಗಲೀ ಅಪ್ಪನನ್ನಾಗಲೀ ನೋಡಲಿಲ್ಲ. ಬಾಂಡ್ಲಿ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಟುಹೋದರು.

ಅಪ್ಪ ಬೈಯಲಿಲ್ಲ. ಸೈಕಲ್ ತಳ್ಳಿಕೊಂಡು ಅರ್ಧ ದಾರಿ ಬಂದ ಮೇಲೆ ಹೇಳಿದರು:

"ಕೈ ಇಟ್ಟ ತಕ್ಷಣ ನಂಗೆ ಗೊತ್ತಾಯ್ತು ಕಣೋ. ಇಪ್ಪತ್ತೆರಡು ವರ್ಷದಿಂದ ಮುಟ್ತಾ ಇರೋ ಗೋಡೆ ಅದು. ಪಾಪ, ನನ್ನ ಆಸೆ ಆರಬಾರ್ದು ಅಂತ ನಾಲ್ಕು ಗಂಟೆಗೆ ಎದ್ದು ಬಂದು ಇದ್ಲು ಹಚ್ಚಿದಾನೆ. ಅದಕ್ಕೇ ಸುಮ್ನಿದ್ದೆ."

ಮಂಗಳವಾರ ಅಪ್ಪ ಗೋಡೆ ಮುಟ್ಟಲು ಹೋಗಲಿಲ್ಲ. ಬುಧವಾರ ಗೇಟಿಗೆ ಬೀಗ ಬಿತ್ತು. ಸೆಲ್ವಂ ಮಾಮ ಆಮೇಲೆ ನಮ್ಮ ಮನೆ ಕಡೆ ತಲೆ ಹಾಕಿಲ್ಲ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಷ್ಟು ಸರಿಯಾದದ್ದು ಅಲ್ಲಿ ಯಾರಿಗೆ ಬೇಕಾಗಿತ್ತು?