ಪೊನ್ನಮ್ಮಾಳ ಚಳಿ

"ಒಂದು ಮಾಸವಾಗಿ ಚಳಿ ಸ್ವಾಮಿ, ಬಿಡವೇ ಇಲ್ಲೆ" ಎಂದು ಪೊನ್ನಮ್ಮಾಳ್ ಹೇಳಿದಾಗ ನನ್ನ ಶಾಲು ತೆಗೆದು ಅವಳಿಗೆ ಹೊದಿಸಿದೆ. ಏಪ್ರಿಲ್ ತಿಂಗಳು. ತಮಿಳುನಾಡಿನ ಕಂಬಂ ಊರಿನ ಒಂದು ಖಾಸಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಡ್ಲಿ ಬೇಯುವಷ್ಟು ಹಬೆ. ಅವಳು ಶಾಲನ್ನು ನೋಡಿದಳು, ನನ್ನನ್ನು ನೋಡಿದಳು, ಇದೂ ಒಗೆಯಲು ಬಂದದ್ದೆಂದು ರಾಶಿಗೆ ಎಸೆದಳು.

ಅಲ್ಲಿಯ ಕೆಲಸದವರು ಒಬ್ಬರ ಹಿಂದೊಬ್ಬರು ಸೊರಗುತ್ತಿದ್ದರು. ರೋಗ ಹೇಗೆ ಹರಡುತ್ತಿದೆಯೆಂದು ಪತ್ತೆಮಾಡಲು ಆಸ್ಪತ್ರೆಯವರು ಕರೆಸಿದ್ದು ನನ್ನ ಷಡ್ಡಕನನ್ನು, ಮೈಸೂರಿನ ಡಾಕ್ಟರ್. ನಾನು ಜೊತೆಗೆ ಹೋದದ್ದು ಆ ಕಡೆಯ ಹೆಸರಾದ ದ್ರಾಕ್ಷಿ ತಿನ್ನಲು. ಒಗೆಯುವವರೆಲ್ಲ ಮನೆಯಲ್ಲಿ ಕನ್ನಡ ಆಡುವವರೆಂದು ತಿಳಿದು ಅವನು ಉಬ್ಬಿಹೋದ. "ದುಭಾಷಿ ಯಾಕೆ, ನಮ್ಮವರೇ!" ಎಂದು ಒಬ್ಬೊಬ್ಬರನ್ನೂ "ಚಳಿ ಇದೆಯಾ?" ಎಂದು ಕೇಳಿದ. ಎಲ್ಲರೂ ಬಾಗಿಲ ಕಡೆ ನೋಡಿ, ಮೆಲ್ಲಗೆ "ಅದೆ" ಎಂದರು. ಹಾಗಾದರೆ ಮಲೇರಿಯಾ! ಹಿತ್ತಲೆಲ್ಲ ಸೊಳ್ಳೆ ಹುಡುಕಿದ. ಸಿಕ್ಕಿದ ಸೊಳ್ಳೆಗಳೆಲ್ಲ ನಿರಪರಾಧಿಗಳು.

ಕೊನೆಗೆ ಪೊನ್ನಮ್ಮಾಳಿಗೇ ಬೇಸರ ಬಂತು. "ಸೊಳ್ಳೆಯ ಬಿಡಿ ಸಾರ್. ಚಳಿ ಇಲ್ಲಿ ಅದೆ" ಎಂದು ಎದೆ ತಟ್ಟಿ, ಕೆಮ್ಮಿ, ಚರಂಡಿಗೆ ಉಗಿದು ತೋರಿಸಿದಳು. ತಮಿಳಿನಲ್ಲಿ ಸಳಿ ಎಂದರೆ ಕಫ. ಶತಮಾನಗಳಿಂದ ತಮಿಳಿನ ಪಕ್ಕದಲ್ಲೇ ಮಲಗಿದ ಅವರ ಕನ್ನಡಕ್ಕೂ ಅದು ಚಳಿಯಾಗಿ ಹತ್ತಿಕೊಂಡಿತ್ತು.

ಉಗಿದವಳೇ ಡಾಕ್ಟರನ ಕೈ ಹಿಡಿದಳು. "ಮ್ಯಾನೇಜರ್‌ಗೆ ಹೇಳ್ಬುಡಬೇಡಿ. ಕೆಮ್ಮಿದರೆ ವೇಲೆ ಹೋಗ್ಬುಡ್ತದೆ." ವೇಲೆ ಎಂದರೆ ಕೆಲಸ, ಅದೂ ತಮಿಳಿನಿಂದ ಹತ್ತಿದ್ದೇ.

ಪಕ್ಕದ ಗೂಡಲೂರಿನ ತೋಟಗಳಲ್ಲಿ ತೋಳೆತ್ತಿ ದ್ರಾಕ್ಷಿ ಕೊಯ್ದು ಭುಜ ಸವೆಸಿಕೊಂಡವಳು, ಈಗ ಸೊಂಟ ಬಗ್ಗಿಸಿ ರೋಗಿಗಳ ಹಾಸು ಹಿಂಡುತ್ತಿದ್ದಳು. "ಮೇಲೆ ನೋಡಿದ್ದು ಆಯ್ತು, ಇನ್ನು ಕೆಳಗೆ" ಎನ್ನುತ್ತಿದ್ದಳು. ಮನೆಯಲ್ಲಿ ದುಡಿಯುವ ಕೈ ಬೇರೆ ಇರಲಿಲ್ಲ. ಅದಕ್ಕೇ ಕೆಮ್ಮು ಬಂದರೆ ಹಾಸು ಜೋಡಿಸಿಡುವ ಕೋಣೆಗೆ ಹೋಗಿ, ಬಾಗಿಲು ಜಡಿದು, ಕೆಮ್ಮಿ ಬರುವುದು. ಎಲ್ಲರದೂ ಅದೇ ಪದ್ಧತಿ. ಕಿಟಕಿಯಿಲ್ಲದ ಆ ಕೋಣೆಯಲ್ಲೇ ಊಟ, ಅಲ್ಲೇ ಒರಗುವುದು.

ಡಾಕ್ಟರ್ ಆ ಕೋಣೆಯೊಳಗೆ ಹೋಗಿ, ಫೋಟೋ ತೆಗೆದುಕೊಂಡು, "ಹರಡಿದ್ದು ಇಲ್ಲೇ" ಎನ್ನುತ್ತ ಹೊರಗೆ ಬಂದ. ಅವನ ಉಬ್ಬೆಲ್ಲ ಇಳಿದಿತ್ತು.

ಕಫ ಪರೀಕ್ಷೆಯಲ್ಲಿ ಕ್ಷಯ ಬಂತು, ಅವಳಿಗೂ ಇನ್ನು ಕೆಲವರಿಗೂ. ಮ್ಯಾನೇಜರ್ ಬಾಲಮುರುಗನ್ ಅವರನ್ನೆಲ್ಲ ಕೆಲಸದಿಂದ ಬಿಡಿಸಿಬಿಡಲು ಹೊರಟ. ನನ್ನ ಷಡ್ಡಕ ಆ ದಿನ ಮೊದಲ ಬಾರಿಗೆ ಉಪಯೋಗಕ್ಕೆ ಬಂದ. ಮಾತ್ರೆ ಕೆಲಸಮಾಡಿ ಸೋಂಕು ನಿಲ್ಲುವವರೆಗೆ ರಜೆ, ಆಮೇಲೆ ಅದೇ ಕೆಲಸ, ಇಲ್ಲದಿದ್ದರೆ ಕೋಣೆಯ ಫೋಟೋ ಸಮೇತ ಸರ್ಕಾರಕ್ಕೆ ವರದಿ ಎಂದ. ಬಾಲಮುರುಗನ್ ಒಪ್ಪಿದ. ಗೋಡೆ ಒಡೆದು ಕಿಟಕಿಯನ್ನೂ ಇಡಿಸಿದ.

ಮರುಪರೀಕ್ಷೆಗೆ ನಾವು ಹೋದ ದಿನವೇ ಪೊನ್ನಮ್ಮಾಳ್ ಕೆಲಸಕ್ಕೆ ಮರಳಿದ್ದಳು. ಮಾತ್ರೆ ನುಂಗಿ ನುಂಗಿ ಕಣ್ಣು ಒಳಗೆ ಹೋಗಿತ್ತು. ಬಾಲಮುರುಗನ್ ಎಲ್ಲರನ್ನೂ ನಿಲ್ಲಿಸಿಕೊಂಡು, ಆಸ್ಪತ್ರೆಯೆಂದರೆ ಒಂದೇ ಕುಟುಂಬ ಎಂದು ಸುದೀರ್ಘವಾಗಿ ಮಾತಾಡಿದ. ಅವಳು ಗೋಡೆಗೆ ಒರಗಿ ಕೇಳಿಸಿಕೊಂಡಳು. ಕೊನೆಗೆ ಅವನು ಅವಳ ಕಡೆ ತಿರುಗಿ, ಬಹಳ ನೊಂದವನಂತೆ ಅವರದೇ ಕನ್ನಡದಲ್ಲಿ ಕೇಳಿದ:

"ಕೆಮ್ಮು ಬಂದ ದಿವಸವೇ ನಂಗೆ ಬಂದು ಯಾಕಕ್ಕಾ ಹೇಳಲಿಲ್ಲ?"

"ಹೇಳಿದ್ರೆ, ಇವತ್ತು ನೀ ಕೇಳಕ್ಕೆ ನಾ ಇಲ್ಲಿರ್ತಿದ್ನಾ, ತಂಬಿ?"